ನಡುವೆ ನಿಂತ ಮನುಷ್ಯ: ವಿಸೆಂಟೆ ಡೆಲ್ ಬೊಸ್ಕೆ

(ಫುಟ್‌ಬಾಲ್ ಗೆಳೆಯರ ಒಂದು ಸಂಜೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2003ರ ಜೂನ್ 22, ಭಾನುವಾರ. ಮ್ಯಾಡ್ರಿಡ್‌ನ ಬರ್ನಬ್ಯೂ ಕ್ರೀಡಾಂಗಣದಲ್ಲಿ ರಿಯಲ್ ಮ್ಯಾಡ್ರಿಡ್ ತಂಡ ಅಥ್ಲೆಟಿಕ್ ಬಿಲ್ಬಾವೊವನ್ನು 3-1ರಿಂದ ಸೋಲಿಸಿತು. ಸ್ಪೇನ್‌ನ ಲೀಗ್ ಪ್ರಶಸ್ತಿ 29ನೇ ಸಲ ಆ ಕ್ಲಬ್‌ಗೆ ಬಂತು. ಜಿಡಾನ್, ರೊನಾಲ್ಡೊ, ಫಿಗೊ, ರಾವುಲ್ ಎಲ್ಲರೂ ಇದ್ದ ತಂಡ ಅದು. ಮರುದಿನ, ಸೋಮವಾರ, ಆ ತಂಡದ ಕೋಚ್ ಕೆಲಸ ಕಳೆದುಕೊಂಡರು.

ಆ ಕೋಚ್ ಹೆಸರು ವಿಸೆಂಟೆ ಡೆಲ್ ಬೊಸ್ಕೆ. ಮೂರೂವರೆ ವರ್ಷದಲ್ಲಿ ಯುರೋಪಿನ ಕ್ಲಬ್‌ಗಳ ದೊಡ್ಡ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್ ಎರಡು ಸಲ, ಸ್ಪ್ಯಾನಿಷ್ ಲೀಗ್ ಎರಡು ಸಲ ಗೆಲ್ಲಿಸಿದ್ದವರು. ಆಟಗಾರರಾಗಿ, ಹುಡುಗರಿಗೆ ಕೋಚ್ ಆಗಿ, ಅಕಾಡೆಮಿ ನೋಡಿಕೊಳ್ಳುವವರಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಅದೇ ಕ್ಲಬ್‌ಗೆ ದುಡಿದಿದ್ದವರು. ಅವರ ಒಪ್ಪಂದ ಮುಂದುವರಿಸುವುದಿಲ್ಲ ಎಂದು ಕ್ಲಬ್ ಹೇಳಿತು. ತಂತ್ರಕ್ಕೆ, ದೈಹಿಕ ತಯಾರಿಗೆ ಹೆಚ್ಚು ಒತ್ತು ಕೊಡುವ ಕೋಚ್ ಬೇಕು ಎನ್ನುವುದು ಅಧ್ಯಕ್ಷ ಫ್ಲೊರೆಂಟಿನೊ ಪೆರೆಸ್ ಅವರ ವಾದ. ಡೆಲ್ ಬೊಸ್ಕೆ ಹಳೇ ಕಾಲದವರು ಅಂತ ತೀರ್ಮಾನವಾಯಿತು.

ಏಳು ವರ್ಷ ಕಳೆಯಿತು. ಅದೇ ಮನುಷ್ಯ ಸ್ಪೇನ್‌ಗೆ ಅದರ ಮೊದಲ ವಿಶ್ವಕಪ್ ತಂದುಕೊಟ್ಟರು. ಇನ್ನೆರಡು ವರ್ಷಕ್ಕೆ ಯುರೋಪಿನ ದೇಶಗಳ ಯೂರೋ ಕಪ್. ಕೋಚ್ ಆಗಿ ವಿಶ್ವಕಪ್, ಯೂರೋ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದವರು ಇವತ್ತಿಗೂ ಅವರೊಬ್ಬರೇ.

ಆದರೂ ಅವರ ಬಗ್ಗೆ ಒಂದು ಮಾತು ಇವತ್ತಿಗೂ ಓಡಾಡುತ್ತದೆ. 'ಒಳ್ಳೆ ಆಟಗಾರರು ಸಿಕ್ಕಿದ್ದರು, ಗೆದ್ದರು. ಬೆಂಚಿನಲ್ಲಿ ಸುಮ್ನೆ ಕೂತಿದ್ದರು' ಅಂತ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಡೆಲ್ ಬೊಸ್ಕೆ ಮೈದಾನದ ನಡುವೆ ಆಡಿ ಬೆಳೆದವರು. ತಂಡ ನಿಂತಿರುವುದು ನಡುವೆ ನಿಂತು ಹಿಡಿದಿಡುವವರ ಮೇಲೆ ಎಂದು ನಂಬಿದವರು. ಅಂಥ ಆಟಗಾರರ ಪರವಾಗಿ ಅವರು ಮತ್ತೆ ಮತ್ತೆ ನಿಂತರು. ಡ್ರೆಸ್ಸಿಂಗ್ ರೂಮಿನಲ್ಲಿ ಸ್ವತಃ ಅದೇ ಕೆಲಸ ಮಾಡಿದರು. ಅವರ ಗೆಲುವುಗಳೆಲ್ಲ ಅಲ್ಲಿಂದ ಬಂದವು ಎಂದೇ ನನ್ನ ನಂಬಿಕೆ. ಕೊನೆಯ ಸೋಲೂ ಸ್ವಲ್ಪ ಮಟ್ಟಿಗೆ ಅಲ್ಲಿಂದಲೇ ಬಂತು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಅವರು ಹುಟ್ಟಿದ್ದು 1950ರ ಡಿಸೆಂಬರ್ 23ರಂದು, ಸಲಮಾಂಕಾದಲ್ಲಿ. ಹಳೆಯ ವಿಶ್ವವಿದ್ಯಾಲಯಕ್ಕೆ ಹೆಸರಾದ ಊರು ಅದು. ಇವರ ಮನೆ ಮಾತ್ರ ದುಡಿಯುವವರ ಮನೆ. ತಂದೆ ರೈಲ್ವೆ ನೌಕರರು. ಗಣರಾಜ್ಯದ ಪರ ಇದ್ದವರು. ಅಂತರ್ಯುದ್ಧದ ಕಾಲದಲ್ಲಿ ಅದೇ ಕಾರಣಕ್ಕೆ ಜೈಲು ಕಂಡವರು. ಆ ಯುದ್ಧ ಗೆದ್ದು ಸರ್ವಾಧಿಕಾರಿಯಾದ ಫ್ರಾಂಕೊ ಆಳ್ವಿಕೆಯಲ್ಲಿ ಅಂಥ ಮನೆಯ ಮಗ ಮಾತನ್ನು ಅಳೆದು ಆಡುವುದನ್ನು ಕಲಿಯದೆ ಇರುತ್ತಾನಾ? ಮುಂದೆ 2011ರಲ್ಲಿ ಇದೇ ಮಗನಿಗೆ ರಾಜ ಹುವಾನ್ ಕಾರ್ಲೊಸ್ ಮಾರ್ಕೆಸ್ ಎಂಬ ಕುಲೀನ ಪದವಿ ಕೊಟ್ಟರು. ಗಣರಾಜ್ಯಕ್ಕಾಗಿ ಜೈಲಿಗೆ ಹೋದವರ ಮಗನಿಗೆ ರಾಜನ ಕೈಯಿಂದ ಬಿರುದು. ಸ್ಪೇನ್‌ನ ಇಪ್ಪತ್ತನೇ ಶತಮಾನ ಹೇಗೆ ನಡೆಯಿತು ಎನ್ನುವುದು ಈ ಒಂದು ಮನೆಯ ಕಥೆಯಲ್ಲೇ ಇದೆ.

ಹದಿಹರೆಯದ ಕೊನೆಯಲ್ಲಿ ಹುಡುಗ ರಿಯಲ್ ಮ್ಯಾಡ್ರಿಡ್ ಸೇರಿದ. ಮೊದಲ ತಂಡದಲ್ಲಿ ಕೂಡಲೇ ಜಾಗ ಸಿಗಲಿಲ್ಲ. ಕ್ಯಾಸ್ಟೆಯೊನ್, ಕೊರ್ಡೊಬಾ ಕ್ಲಬ್‌ಗಳಿಗೆ ಎರವಲಾಗಿ ಹೋಗಿ ಆಡಿ ಬಂದ. 1973ರಲ್ಲಿ ಪುಟ್ಟ ಕ್ಯಾಸ್ಟೆಯೊನ್ ತಂಡ ಸ್ಪೇನ್ ಕಪ್ ಫೈನಲ್‌ವರೆಗೂ ಹೋಯಿತು. ಆ ತಂಡದಲ್ಲಿ ಇವರಿದ್ದರು. ಅಲ್ಲಿಂದ ಮ್ಯಾಡ್ರಿಡ್‌ಗೆ ಮರಳಿದವರು 1984ರವರೆಗೂ ಅಲ್ಲೇ ಉಳಿದರು. ಐದು ಲೀಗ್, ನಾಲ್ಕು ಸ್ಪೇನ್ ಕಪ್ ಗೆದ್ದರು. ದೇಶಕ್ಕಾಗಿ 18 ಪಂದ್ಯ ಆಡಿದರು.

ಆಟಗಾರನಾಗಿ ಹೇಗಿದ್ದರು? ಓಟ ನಿಧಾನ, ಪಾಸ್ ಚೆಂದ. ಮಿಡ್‌ಫೀಲ್ಡ್‌ನಲ್ಲಿ, ಅಂದರೆ ಮೈದಾನದ ನಡುವೆ ನಿಂತು ಚೆಂಡು ಪಡೆದು, ತಲೆ ಎತ್ತಿ ನೋಡಿ, ಸರಿಯಾದ ಕಡೆ ಕೊಡುವ ಆಟಗಾರ. ಇಂಥವರು ಓಡಿ ಮೋಸ ಮಾಡಲಾರರು. ಆದ್ದರಿಂದ ಎಲ್ಲಿ ನಿಲ್ಲಬೇಕು ಎನ್ನುವುದನ್ನು ಬೇರೆಯವರಿಗಿಂತ ಮೊದಲೇ ಲೆಕ್ಕ ಹಾಕುತ್ತಾರೆ. ಕೋಚ್‌ಗಳಾಗುವವರಲ್ಲಿ ಈ ಬಗೆಯ ಮಿಡ್‌ಫೀಲ್ಡರ್‌ಗಳೇ ಜಾಸ್ತಿ ಇರುವುದನ್ನು ನೀವೂ ಗಮನಿಸಿರಬಹುದು. ಗ್ವಾರ್ಡಿಯೊಲಾ, ಕ್ಸಾಬಿ ಅಲೊನ್ಸೊ, ಅರ್ಟೆಟಾ ಎಲ್ಲರೂ ಇದೇ ಜಾತಿಯವರು.

1981ರಲ್ಲಿ ಅವರು ಯುರೋಪಿಯನ್ ಕಪ್ ಫೈನಲ್ ಆಡಿದರು. ಚಾಂಪಿಯನ್ಸ್ ಲೀಗ್‌ನ ಹಳೆಯ ಹೆಸರು ಅದು. ಪ್ಯಾರಿಸ್‌ನಲ್ಲಿ, ಲಿವರ್‌ಪೂಲ್ ವಿರುದ್ಧ. ಎಂಟು ನಿಮಿಷ ಉಳಿದಿರುವಾಗ ಅಲನ್ ಕೆನಡಿ ಗೋಲು ಹೊಡೆದರು. ಮ್ಯಾಡ್ರಿಡ್ 0-1ರಿಂದ ಸೋತಿತು. ಆಟಗಾರನಾಗಿ ಆ ಕಪ್ ಅವರಿಗೆ ಕೊನೆಗೂ ದಕ್ಕಲಿಲ್ಲ.

ನಿವೃತ್ತಿಯಾದ ಮೇಲೆ ಹದಿನೈದು ವರ್ಷ ಅವರು ಸುದ್ದಿಯಲ್ಲೇ ಇರಲಿಲ್ಲ. ನನಗೆ ಅವರ ಬದುಕಿನಲ್ಲಿ ತುಂಬ ಇಷ್ಟವಾಗುವ ಭಾಗ ಇದು. ಹೆಸರು ಮಾಡಿದ ಆಟಗಾರ, ಬೇರೆ ಯಾವುದೋ ಕ್ಲಬ್‌ಗೆ ಕೋಚ್ ಆಗಿ ಹೋಗಬಹುದಿತ್ತು. ಹೋಗಲಿಲ್ಲ. ಮ್ಯಾಡ್ರಿಡ್‌ನ ಎರಡನೇ ತಂಡ ಕ್ಯಾಸ್ಟಿಯಾಗೆ ಕೋಚ್ ಆದರು. ಆಮೇಲೆ ಅಕಾಡೆಮಿಯನ್ನೇ ನೋಡಿಕೊಂಡರು. ಹತ್ತು, ಹನ್ನೆರಡು ವರ್ಷದ ಹುಡುಗರ ಪಂದ್ಯ ನೋಡುವುದು. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ತೀರ್ಮಾನಿಸುವುದು. ಅಪ್ಪ ಅಮ್ಮಂದಿರ ಜೊತೆ ಮಾತಾಡುವುದು. ಗೋಲ್‌ಕೀಪರ್ ಐಕರ್ ಕಸಿಯಾಸ್ ಒಂಬತ್ತು ವರ್ಷದ ಹುಡುಗನಾಗಿ ಬಂದದ್ದು ಇದೇ ಅಕಾಡೆಮಿಗೆ.

ಸ್ಪೇನ್‌ನಲ್ಲಿ ಇಂಥ ಅಕಾಡೆಮಿಯಿಂದ ಬಂದ ಕೋಚ್‌ಗಳ ಒಂದು ದೊಡ್ಡ ಸಾಲೇ ಇದೆ. ನಮ್ಮ ಬೆಂಗಳೂರು ಎಫ್‌ಸಿಗೆ 2019ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆಲ್ಲಿಸಿದ ಕಾರ್ಲೆಸ್ ಕ್ವಾದ್ರತ್ ಕೂಡ ಬಾರ್ಸಿಲೋನಾದ ಅಕಾಡೆಮಿಯಲ್ಲಿ ಬೆಳೆದವರೇ. ಅಲ್ಲಿ ಹುಡುಗರಿಗೆ ಕಲಿಸುವುದನ್ನು ಯಾರೂ ಚಿಕ್ಕ ಕೆಲಸ ಎಂದುಕೊಳ್ಳುವುದಿಲ್ಲ.

ಮ್ಯಾಡ್ರಿಡ್‌ನವರಿಗೆ ಡೆಲ್ ಬೊಸ್ಕೆ ನೆನಪಾಗುತ್ತಿದ್ದದ್ದು ಕಷ್ಟ ಬಂದಾಗ. 1994ರಲ್ಲಿ ಕೋಚ್‌ರನ್ನು ತೆಗೆದಾಗ ಕೆಲವು ಪಂದ್ಯಕ್ಕೆ ಇವರನ್ನು ಕೂರಿಸಿದರು. 1996ರಲ್ಲೂ ಹಾಗೇ. 1999ರ ನವೆಂಬರ್‌ನಲ್ಲಿ ಜಾನ್ ಟೋಷಾಕ್ ಹೋದಾಗ ಮತ್ತೆ ಕರೆದರು. ಈ ಸಲವೂ ತಾತ್ಕಾಲಿಕ ಏರ್ಪಾಡು ಎಂದೇ ಎಲ್ಲರೂ ತಿಳಿದಿದ್ದರು.

ತಂಡದ ಸ್ಥಿತಿ ಆಗ ಚೆನ್ನಾಗಿರಲಿಲ್ಲ. ಚಾಂಪಿಯನ್ಸ್ ಲೀಗ್‌ನ ಎರಡನೇ ಗುಂಪಿನ ಹಂತದಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ಎರಡು ಪಂದ್ಯದಲ್ಲೂ ನಾಲ್ಕು ನಾಲ್ಕು ಗೋಲು ತಿಂದಿತು. ಡಿಫೆನ್ಸ್ ಸೋರುತ್ತಿತ್ತು. ಡೆಲ್ ಬೊಸ್ಕೆ ಏನು ಮಾಡಿದರು? ಇವಾನ್ ಹೆಲ್ಗೆರಾ ಎಂಬ ಮಿಡ್‌ಫೀಲ್ಡರ್‌ನನ್ನು ಹಿಂದಕ್ಕೆ ಎಳೆದು ಇಬ್ಬರು ಡಿಫೆಂಡರ್‌ಗಳ ನಡುವೆ ನಿಲ್ಲಿಸಿದರು. ಈಗ ಹಿಂದೆ ಮೂವರಾದರು. ಎಡಬಲದಲ್ಲಿ ರಾಬರ್ಟೊ ಕಾರ್ಲೊಸ್, ಮಿಚೆಲ್ ಸಲ್ಗಾಡೊ ಭಯವಿಲ್ಲದೆ ಮುಂದೆ ಹೋಗುವ ಹಾಗಾಯಿತು. ಕ್ವಾರ್ಟರ್‌ಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಬಂತು. ಮ್ಯಾಡ್ರಿಡ್‌ನಲ್ಲಿ 0-0. ಎಲ್ಲರೂ ಯುನೈಟೆಡ್ ಗೆಲ್ಲುತ್ತದೆ ಎಂದುಕೊಂಡರು. ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಡ್ರಿಡ್ ಒಂದು ಹಂತದಲ್ಲಿ 3-0 ಮುಂದಿತ್ತು. ಕೊನೆಗೆ 3-2ರಿಂದ ಗೆದ್ದಿತು. ಮೂರನೇ ಗೋಲಿಗೆ ಫರ್ನಾಂಡೊ ರೆಡೊಂಡೊ ಹಿಮ್ಮಡಿಯಲ್ಲಿ ಚೆಂಡು ತಳ್ಳಿ ಡಿಫೆಂಡರ್‌ನನ್ನು ದಾಟಿದ್ದನ್ನು ಇಲ್ಲಿರುವ ಹಿರಿಯರು ಮರೆತಿರಲಾರರು. ಆ ರೆಡೊಂಡೊ ಆಡುತ್ತಿದ್ದದ್ದೂ ಮೈದಾನದ ನಡುವಿನಲ್ಲೇ.

ಸೆಮಿಫೈನಲ್‌ನಲ್ಲಿ ಮತ್ತೆ ಬಯರ್ನ್. ಈ ಸಲ ಮ್ಯಾಡ್ರಿಡ್ ದಾಟಿತು. ಮೇ 24ರಂದು ಫೈನಲ್, ವಲೆನ್ಸಿಯಾ ವಿರುದ್ಧ. ಮೊರಿಯೆಂಟೆಸ್, ಮ್ಯಾಕ್‌ಮನಮನ್, ರಾವುಲ್ ಒಂದೊಂದು ಗೋಲು ಹೊಡೆದರು. 3-0. ಗೋಲ್‌ಕೀಪರ್ ಕಸಿಯಾಸ್‌ಗೆ ಹತ್ತೊಂಬತ್ತು ತುಂಬಿ ನಾಲ್ಕು ದಿನವಾಗಿತ್ತು. ಆ ಫೈನಲ್ ನಡೆದದ್ದು ಪ್ಯಾರಿಸ್‌ನಲ್ಲಿ. ಹತ್ತೊಂಬತ್ತು ವರ್ಷದ ಹಿಂದೆ ಆಟಗಾರನಾಗಿ ಕೈತಪ್ಪಿದ ಕಪ್ ಅದೇ ನಗರದಲ್ಲಿ ಕೋಚ್ ಆಗಿ ಸಿಕ್ಕಿತು. ಅಂದಹಾಗೆ ಆ ವರ್ಷ ಲೀಗ್‌ನಲ್ಲಿ ಮ್ಯಾಡ್ರಿಡ್‌ಗೆ ಸಿಕ್ಕಿದ್ದು ಐದನೇ ಸ್ಥಾನ. ತಂಡವನ್ನು ಹುಷಾರಾಗಿ ದುರಸ್ತಿ ಮಾಡುತ್ತಲೇ ಯುರೋಪ್ ಗೆದ್ದರು.

ಅದೇ ಬೇಸಿಗೆಯಲ್ಲಿ ಪೆರೆಸ್ ಅಧ್ಯಕ್ಷರಾದರು. ಬಾರ್ಸಿಲೋನಾದಿಂದ ಫಿಗೊ ಬಂದರು. 2001ರಲ್ಲಿ ಜಿಡಾನ್, 2002ರಲ್ಲಿ ರೊನಾಲ್ಡೊ. ವರ್ಷಕ್ಕೊಬ್ಬ ಮಹಾತಾರೆ. ರೆಡೊಂಡೊ ಮಿಲಾನ್‌ಗೆ ಹೋದರು. ಅವರ ಜಾಗ ತುಂಬಲು ಸೆಲ್ಟಾ ವಿಗೊದಿಂದ ಕ್ಲಾಡ್ ಮಕೆಲೆಲೆ ಬಂದರು. ಕುಳ್ಳ ಮೈಕಟ್ಟು. ಗೋಲು ಹೊಡೆಯುವವರಲ್ಲ. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತು ಹತ್ತಿರದವನಿಗೆ ಕೊಡುವುದು, ರಾಬರ್ಟೊ ಕಾರ್ಲೊಸ್ ಮುಂದೆ ಹೋದಾಗ ಬಿಟ್ಟ ಜಾಗ ಮುಚ್ಚುವುದು, ಇದೇ ಕೆಲಸ. ಮದುವೆ ಚಪ್ಪರದಲ್ಲಿ ಹೂವಿನ ಮಾಲೆ ನೋಡುತ್ತೇವೆ, ಕಂಬ ಯಾರು ನೋಡುತ್ತಾರೆ? ಮಕೆಲೆಲೆ ಕಂಬವಾಗಿದ್ದರು. ಅವರಿಂದಾಗಿಯೇ ಜಿಡಾನ್, ಫಿಗೊ, ರಾವುಲ್ ಮೂವರನ್ನೂ ಒಟ್ಟಿಗೆ ಆಡಿಸಲು ಡೆಲ್ ಬೊಸ್ಕೆಗೆ ಸಾಧ್ಯವಾಯಿತು.

ಒಂದೇ ತಂಡದಲ್ಲಿ ಇಷ್ಟು ದೊಡ್ಡವರು ಇದ್ದರೆ ಕೋಚ್‌ನ ಕೆಲಸ ಏನು? ಯಾರೂ ಮುನಿಸಿಕೊಂಡು ಕೂರದ ಹಾಗೆ ನೋಡಿಕೊಳ್ಳುವುದು ಅರ್ಧ ಕೆಲಸ. 2002ರ ಉದಾಹರಣೆ ನೋಡಿ. ಅದು ಕ್ಲಬ್‌ನ ನೂರನೇ ವರ್ಷ. ಮಾರ್ಚ್ 6, ಕ್ಲಬ್ ಹುಟ್ಟಿದ ದಿನವೇ, ತಮ್ಮದೇ ಬರ್ನಬ್ಯೂನಲ್ಲಿ ಸ್ಪೇನ್ ಕಪ್ ಫೈನಲ್. ಹಬ್ಬಕ್ಕೆ ಎಲ್ಲ ತಯಾರಿ ಆಗಿತ್ತು. ಡೆಪೊರ್ಟಿವೊ 2-1ರಿಂದ ಗೆದ್ದು ಕಪ್ ಎತ್ತಿಕೊಂಡು ಹೋಯಿತು. ಅದೇ ಹೊತ್ತಿನಲ್ಲಿ ಕಸಿಯಾಸ್ ತಂಡದಲ್ಲಿ ಜಾಗ ಕಳೆದುಕೊಂಡರು. ಸೆಸಾರ್ ಸಾಂಚೆಸ್ ಗೋಲ್‌ಕೀಪರ್ ಆದರು. ತಾವೇ ಬೆಳೆಸಿದ ಹುಡುಗನನ್ನು ಬೆಂಚಿನಲ್ಲಿ ಕೂರಿಸುವುದು ಸುಲಭದ ಮಾತಲ್ಲ. ಎರಡು ತಿಂಗಳ ನಂತರ, ಮೇ 15ರಂದು, ಗ್ಲಾಸ್ಗೋದಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಎದುರಿಗೆ ಬಯರ್ ಲೆವರ್‌ಕುಸೆನ್. ಮೇಲಿಂದ ಇಳಿಯುತ್ತಿದ್ದ ಚೆಂಡನ್ನು ಜಿಡಾನ್ ಎಡಗಾಲಲ್ಲಿ ಹೊಡೆದ ಗೋಲು ಎಲ್ಲರಿಗೂ ಗೊತ್ತು. ನಾನು ನೆನಪಿಸಬೇಕೆಂದಿರುವುದು ಆಮೇಲಿನದು. 68ನೇ ನಿಮಿಷಕ್ಕೆ ಸೆಸಾರ್ ಗಾಯಗೊಂಡು ಹೊರಬಂದರು. ಕಸಿಯಾಸ್ ಒಳಗೆ ಹೋದರು. ಕೊನೆಯ ನಿಮಿಷಗಳಲ್ಲಿ ಒಂದರ ಮೇಲೊಂದು ಚೆಂಡು ತಡೆದರು. 2-1. ಎರಡು ತಿಂಗಳು ಬೆಂಚಿನಲ್ಲಿ ಕೂತ ಹುಡುಗ ಮನಸ್ಸು ಕೆಡಿಸಿಕೊಂಡಿದ್ದರೆ ಹಾಗೆ ಆಡುತ್ತಿದ್ದನಾ?

ಮುಂದಿನ ವರ್ಷ ಏನಾಯಿತು ಎಂದು ಆಗಲೇ ಹೇಳಿದೆ. ಲೀಗ್ ಗೆದ್ದ ಮರುದಿನ ಕೋಚ್ ಹೊರಗೆ. ಕ್ಯಾಪ್ಟನ್ ಫರ್ನಾಂಡೊ ಹಿಯೆರೊ ಕೂಡ ಹೊರಗೆ. ಸಂಬಳ ಹೆಚ್ಚಿಸಿ ಎಂದು ಕೇಳಿದ ಮಕೆಲೆಲೆ ಆಗಸ್ಟ್ ಕೊನೆಗೆ ಚೆಲ್ಸಿಗೆ. ಆತ ಕೊಡುವ ಪಾಸ್ ಹೆಚ್ಚಿನವು ಹಿಂದಕ್ಕೋ ಪಕ್ಕಕ್ಕೋ ಹೋಗುತ್ತವೆ, ನಮಗೇನೂ ನಷ್ಟವಿಲ್ಲ ಎಂಬರ್ಥದಲ್ಲಿ ಪೆರೆಸ್ ಮಾತಾಡಿದರು. ಆ ವರ್ಷದ ತಾರೆಯಾಗಿ ಡೇವಿಡ್ ಬೆಕಮ್ ಬಂದರು. ಕೋಚ್ ಆಗಿ ಕಾರ್ಲೊಸ್ ಕ್ವೆರೊಸ್.

2003-04ರ ಋತುವನ್ನು ಯಾರಾದರೂ ಗಮನವಿಟ್ಟು ನೋಡಿದರೆ ಡೆಲ್ ಬೊಸ್ಕೆ ಬಗ್ಗೆ ಬೇರೆ ಸಾಕ್ಷಿಯೇ ಬೇಡ. ತಾರೆಯರೆಲ್ಲ ಅವರೇ, ಮೇಲೊಬ್ಬ ಬೆಕಮ್. ಬಹಳ ಕಾಲ ಲೀಗ್‌ನಲ್ಲಿ ಮುಂದೆಯೇ ಇದ್ದರು. ಆಮೇಲೆ ಸ್ಪೇನ್ ಕಪ್ ಫೈನಲ್‌ನಲ್ಲಿ ಜರಗೋಜಾ ಎದುರು ಸೋಲು. ಚಾಂಪಿಯನ್ಸ್ ಲೀಗ್‌ನಲ್ಲಿ ಮೊನಾಕೊ ಎದುರು ಸೋಲು. ಮೊನಾಕೊ ಪರ ಗೋಲು ಹೊಡೆದವರಲ್ಲಿ ಮ್ಯಾಡ್ರಿಡ್ ಎರವಲು ಕೊಟ್ಟಿದ್ದ ಮೊರಿಯೆಂಟೆಸ್ ಕೂಡ ಇದ್ದರು. ಲೀಗ್‌ನ ಕೊನೆಯ ಐದು ಪಂದ್ಯ ಸಾಲಾಗಿ ಸೋತು ನಾಲ್ಕನೇ ಸ್ಥಾನಕ್ಕೆ ಇಳಿದರು. ಮತ್ತೆ ಲೀಗ್ ಗೆಲ್ಲಲು 2007ರವರೆಗೆ ಕಾಯಬೇಕಾಯಿತು. ಮತ್ತೆ ಚಾಂಪಿಯನ್ಸ್ ಲೀಗ್ ಗೆಲ್ಲಲು 2014ರವರೆಗೆ. ಅತ್ತ ಮಕೆಲೆಲೆ ಚೆಲ್ಸಿಯಲ್ಲಿ 2005 ಮತ್ತು 2006ರಲ್ಲಿ ಪ್ರೀಮಿಯರ್ ಲೀಗ್ ಗೆದ್ದರು.

ಡೆಲ್ ಬೊಸ್ಕೆ ಈ ನಡುವೆ ಟರ್ಕಿಯ ಬೆಷಿಕ್ತಾಶ್‌ಗೆ ಹೋದರು. ಅಲ್ಲಿ ಹೊಂದಲಿಲ್ಲ. ಒಂದು ಋತು ಮುಗಿಯುವ ಮೊದಲೇ ಕೆಲಸ ಹೋಯಿತು. ಆಮೇಲೆ ಕೆಲವು ವರ್ಷ ಸುಮ್ಮನಿದ್ದರು.

2008ರ ಬೇಸಿಗೆಯಲ್ಲಿ ಲೂಯಿಸ್ ಅರಗೊನೆಸ್ ಸ್ಪೇನ್‌ಗೆ ಯೂರೋ ಕಪ್ ಗೆಲ್ಲಿಸಿ ಹೊರನಡೆದರು. ಅವರ ಜಾಗಕ್ಕೆ ಡೆಲ್ ಬೊಸ್ಕೆ ಬಂದರು. ಆ ಹೊತ್ತಿಗೆ ಸ್ಪೇನ್ ಫುಟ್‌ಬಾಲ್ ಸಂಸ್ಥೆಯ ಕ್ರೀಡಾ ನಿರ್ದೇಶಕರಾಗಿದ್ದವರು ಯಾರು ಗೊತ್ತೇ? ಅದೇ ಫರ್ನಾಂಡೊ ಹಿಯೆರೊ. ಮ್ಯಾಡ್ರಿಡ್ ಒಟ್ಟಿಗೆ ಕಳಿಸಿಕೊಟ್ಟ ಇಬ್ಬರೂ ದೇಶದ ತಂಡದಲ್ಲಿ ಮತ್ತೆ ಜೊತೆಯಾದರು.

ಗೆದ್ದ ತಂಡವನ್ನು ವಹಿಸಿಕೊಳ್ಳುವುದು ಕಷ್ಟದ ಕೆಲಸ. ಹೊಸ ಕೋಚ್‌ಗೆ ತನ್ನ ಗುರುತು ಮೂಡಿಸುವ ಆಸೆ ಇರುತ್ತದೆ. ಡೆಲ್ ಬೊಸ್ಕೆ ಅರಗೊನೆಸ್ ಕಟ್ಟಿದ ಆಟವನ್ನು ಹಾಗೇ ಇಟ್ಟುಕೊಂಡರು. ಅದು ಅರಗೊನೆಸ್ ಕಟ್ಟಿದ್ದೇ ಎಂದು ಬಾಯಿ ತುಂಬ ಹೇಳಿದರು. ಒಂದೊಂದಾಗಿ ಹೊಸಬರನ್ನು ಸೇರಿಸಿದರು. ಜೆರಾರ್ಡ್ ಪಿಕೆ, ಸೆರ್ಜಿಯೊ ಬುಸ್ಕೆಟ್ಸ್, ಕೊನೆಗೆ ಪೆಡ್ರೊ. ವಿಶ್ವಕಪ್ ಅರ್ಹತಾ ಸುತ್ತಿನ ಹತ್ತಕ್ಕೆ ಹತ್ತು ಪಂದ್ಯ ಗೆದ್ದರು.

ಇಲ್ಲಿ ಬುಸ್ಕೆಟ್ಸ್ ಬಗ್ಗೆ ನಿಂತು ಮಾತಾಡಬೇಕು. ತಂಡದಲ್ಲಿ ಮೊದಲೇ ಕ್ಸಾಬಿ ಅಲೊನ್ಸೊ ಇದ್ದರು. ಅವರ ಪಕ್ಕಕ್ಕೆ ಇವರನ್ನೂ ನಿಲ್ಲಿಸಿದರು. ಡಿಫೆನ್ಸ್ ಮುಂದೆ ಇಬ್ಬರು ಮಿಡ್‌ಫೀಲ್ಡರ್‌ಗಳು. ಬಾರ್ಸಿಲೋನಾದ ಕ್ಸಾವಿ ಈ ಇಬ್ಬರಿಗಿಂತ ಮುಂದೆ ಆಡಬೇಕಾಯಿತು. ಸ್ಪೇನ್‌ನ ಪತ್ರಿಕೆಗಳಿಗೆ ಇದು ಸರಿಬರಲಿಲ್ಲ. ಇಷ್ಟು ಒಳ್ಳೆ ಆಟಗಾರರಿರುವಾಗ ಕಾಯುವ ಇಬ್ಬರು ಯಾಕೆ, ಒಬ್ಬರು ಸಾಲದೇ ಎಂದು ಕೇಳಿದರು.

2010ರ ಜೂನ್ 16, ಡರ್ಬನ್. ಮೊದಲ ಪಂದ್ಯದಲ್ಲೇ ಸ್ವಿಟ್ಜರ್ಲೆಂಡ್ ಎದುರು 0-1 ಸೋಲು. ಅಲೊನ್ಸೊ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಬಂತು. ಟೀಕೆ ಮುಗಿಲು ಮುಟ್ಟಿತು. ಹಳೆಯ ಕೋಚ್ ಅರಗೊನೆಸ್ ಕೂಡ ಟೀಕಿಸಿದರು. ಎಲ್ಲರ ಬೆರಳೂ ಆ ಇಬ್ಬರು ಮಿಡ್‌ಫೀಲ್ಡರ್‌ಗಳ ಕಡೆಗೆ, ಅದರಲ್ಲೂ 21 ವರ್ಷದ ಬುಸ್ಕೆಟ್ಸ್ ಕಡೆಗೆ. ಡೆಲ್ ಬೊಸ್ಕೆ ದನಿ ಏರಿಸಲಿಲ್ಲ. ತಾವೊಬ್ಬ ಆಟಗಾರರಾಗಿದ್ದರೆ ಬುಸ್ಕೆಟ್ಸ್ ಥರ ಆಡಲು ಇಷ್ಟಪಡುತ್ತಿದ್ದೆ ಎಂದರು. ಮುಂದಿನ ಪಂದ್ಯದಲ್ಲಿ ಇಬ್ಬರನ್ನೂ ಆಡಿಸಿದರು. ಏಳು ಪಂದ್ಯದಲ್ಲೂ ಬುಸ್ಕೆಟ್ಸ್ ಮೊದಲ ಹನ್ನೊಂದರಲ್ಲಿ ಇದ್ದರು. ಆ ಮಾತು ಹುಡುಗನಿಗೆ ಧೈರ್ಯ ತುಂಬಲು ಹೇಳಿದ್ದು ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ. ಮೂವತ್ತು ವರ್ಷದ ಹಿಂದಿನ ತಮ್ಮನ್ನೇ ಅವರು ಆ ಹುಡುಗನಲ್ಲಿ ಕಂಡಿರಬೇಕು.

ಸ್ಪೇನ್ ಆ ವಿಶ್ವಕಪ್‌ನಲ್ಲಿ ಹೊಡೆದದ್ದು ಎಂಟೇ ಗೋಲು. ಬಿಟ್ಟುಕೊಟ್ಟದ್ದು ಎರಡು. ನಾಕೌಟ್‌ನಲ್ಲಿ ಒಂದೂ ಇಲ್ಲ. ಪೋರ್ಚುಗಲ್, ಪರಾಗ್ವೆ, ಜರ್ಮನಿ, ನೆದರ್ಲೆಂಡ್ಸ್, ನಾಲ್ಕೂ ಪಂದ್ಯ 1-0. ಮೊದಲ ಪಂದ್ಯ ಸೋತು ವಿಶ್ವಕಪ್ ಗೆದ್ದ ಮೊದಲ ತಂಡ ಅದು.

'ಸುಮ್ನೆ ಕೂತಿದ್ದರು' ಎನ್ನುವವರು ಆ ಪಂದ್ಯಗಳ ಬದಲಾವಣೆಗಳನ್ನು ನೋಡಬೇಕು. ಪೋರ್ಚುಗಲ್ ಪಂದ್ಯ ಬಿಗಿಯಾಗಿತ್ತು. 58ನೇ ನಿಮಿಷಕ್ಕೆ ಟೊರೆಸ್‌ನನ್ನು ತೆಗೆದು ಎತ್ತರದ ಫರ್ನಾಂಡೊ ಯೊರೆಂಟೆಯನ್ನು ಇಳಿಸಿದರು. ಪೋರ್ಚುಗಲ್ ಡಿಫೆಂಡರ್‌ಗಳ ಗಮನ ಆತನ ಕಡೆ ಹೋಯಿತು. 63ಕ್ಕೆ ಡೇವಿಡ್ ವಿಲ್ಲಾ ಗೋಲು. ಪರಾಗ್ವೆ ಪಂದ್ಯದಲ್ಲಿ ಕಸಿಯಾಸ್ ಒಂದು ಪೆನಾಲ್ಟಿ ತಡೆದರು. ಕೂಡಲೇ ಅಲೊನ್ಸೊ ಹೊಡೆದ ಪೆನಾಲ್ಟಿಯನ್ನು ರೆಫರಿ ಮತ್ತೆ ಹೊಡೆಸಿದರು, ಅದು ಗೋಲಾಗಲಿಲ್ಲ. ಉಸಿರು ಕಟ್ಟಿಸುವ ಹೊತ್ತು. 75ಕ್ಕೆ ಪೆಡ್ರೊ ಬಂದರು. 83ಕ್ಕೆ ಪೆಡ್ರೊ ಹೊಡೆದ ಚೆಂಡು ಕಂಬಕ್ಕೆ ಬಡಿದು ವಿಲ್ಲಾ ಕಾಲಿಗೆ ಸಿಕ್ಕಿತು. ಸೆಮಿಫೈನಲ್‌ಗೆ ಟೊರೆಸ್‌ನನ್ನು ಹೊರಗಿಟ್ಟು ಪೆಡ್ರೊಗೆ ಮೊದಲಿನಿಂದಲೇ ಜಾಗ. ಎರಡು ವರ್ಷದ ಹಿಂದೆ ಯೂರೋ ಫೈನಲ್‌ನಲ್ಲಿ ಗೋಲು ಹೊಡೆದ ತಾರೆಯನ್ನು ಕೂರಿಸಿದ್ದು ಸಣ್ಣ ತೀರ್ಮಾನವಲ್ಲ.

ಇನ್ನು ಫೈನಲ್. ಜುಲೈ 11, ಜೊಹಾನ್ಸ್‌ಬರ್ಗ್. ನಮ್ಮಲ್ಲಿ ಆಟ ಶುರುವಾದಾಗ ಮಧ್ಯರಾತ್ರಿ. ನಿಮ್ಮಲ್ಲಿ ಬಹಳ ಜನ ನಿದ್ದೆ ಬಿಟ್ಟು ನೋಡಿರುತ್ತೀರಿ. ಡಚ್ಚರು ಒರಟಾಗಿ ಆಡಿದರು. ಡಿ ಯಾಂಗ್ ಕಾಲು ಅಲೊನ್ಸೊ ಎದೆಗೇ ಬಿತ್ತು. ರಾಬನ್ ಒಬ್ಬರೇ ನುಗ್ಗಿ ಬಂದಾಗ ಕಸಿಯಾಸ್ ಕಾಲು ಚಾಚಿ ಉಳಿಸಿದರು. ಡೆಲ್ ಬೊಸ್ಕೆ ಮೂರು ಬದಲಾವಣೆ ಮಾಡಿದರು: ಹೆಸುಸ್ ನವಾಸ್, ಸೆಸ್ಕ್ ಫ್ಯಾಬ್ರೆಗಸ್, ಟೊರೆಸ್. 116ನೇ ನಿಮಿಷದ ಗೋಲನ್ನು ಇನ್ನೊಮ್ಮೆ ನೋಡಿ. ನವಾಸ್ ಬಲಗಡೆಯಿಂದ ಓಡಿ ಶುರು ಮಾಡಿದರು. ಚೆಂಡು ಎಡಕ್ಕೆ ಹೋಯಿತು. ಟೊರೆಸ್ ಅದನ್ನು ಒಳಗೆ ಹಾಕಿದರು. ಡಚ್ ಆಟಗಾರ ಹೊರಗೆ ತಳ್ಳಿದ್ದು ಫ್ಯಾಬ್ರೆಗಸ್‌ಗೆ ಸಿಕ್ಕಿತು. ಅವರು ಇನಿಯೆಸ್ಟಾಗೆ ಕೊಟ್ಟರು. ಬೆಂಚಿನಿಂದ ಬಂದ ಮೂವರ ಕಾಲೂ ಆ ಗೋಲಿನಲ್ಲಿದೆ.

ಆಮೇಲಿನ ಎರಡು ವರ್ಷ ಬೇರೆ ಥರದ ಪರೀಕ್ಷೆ. 2011ರ ವಸಂತದಲ್ಲಿ ಬಾರ್ಸಿಲೋನಾ ಮತ್ತು ಮ್ಯಾಡ್ರಿಡ್ ಹದಿನೆಂಟು ದಿನದಲ್ಲಿ ನಾಲ್ಕು ಸಲ ಎದುರಾದವು. ಜೋಸೆ ಮೊರಿನೊ ಮ್ಯಾಡ್ರಿಡ್ ಕೋಚ್. ಪಂದ್ಯಗಳು ಜಗಳಗಳಾದವು. ಆಗಸ್ಟ್‌ನಲ್ಲಿ ಮೊರಿನೊ ಬಾರ್ಸಿಲೋನಾದ ಸಹಾಯಕ ಕೋಚ್‌ನ ಕಣ್ಣಿಗೆ ಬೆರಳು ಹಾಕುವ ಮಟ್ಟಕ್ಕೆ ಹೋಯಿತು. ಸ್ಪೇನ್ ತಂಡದ ಅರ್ಧ ಜನ ಒಂದು ಕಡೆ, ಇನ್ನುಳಿದವರಲ್ಲಿ ಹೆಚ್ಚಿನವರು ಮತ್ತೊಂದು ಕಡೆ. ಇದು ಹೀಗೇ ಹೋದರೆ ದೇಶದ ತಂಡ ಒಡೆಯುತ್ತದೆ ಎಂಬ ಚಿಂತೆ ಡೆಲ್ ಬೊಸ್ಕೆಯವರಿಗಿತ್ತು. ಕಸಿಯಾಸ್ ಕೊನೆಗೆ ಫೋನ್ ಎತ್ತಿ ಬಾರ್ಸಿಲೋನಾದ ಗೆಳೆಯರ ಜೊತೆ ಮಾತಾಡಿದರು. ತಮ್ಮ ಕ್ಲಬ್‌ನಲ್ಲಿ ಅದಕ್ಕೆ ಬೆಲೆಯನ್ನೂ ತೆತ್ತರು. 2012ರಲ್ಲಿ ಕಸಿಯಾಸ್ ಮತ್ತು ಕ್ಸಾವಿ ಇಬ್ಬರಿಗೂ ಸೇರಿ ಸ್ಪೇನ್‌ನ ಹೆಸರಾಂತ ಪ್ರಿನ್ಸ್ ಆಫ್ ಆಸ್ಟುರಿಯಾಸ್ ಪ್ರಶಸ್ತಿ ಬಂತು. ಕೋಚ್ ಸ್ವತಃ ಮ್ಯಾಡ್ರಿಡ್‌ನವರಾಗಿದ್ದೂ ಬಾರ್ಸಿಲೋನಾದ ಆಟಗಾರರು ಅವರನ್ನು ನಂಬಿದರು. ಈ ನಂಬಿಕೆ ಕಟ್ಟುವುದಕ್ಕೆ ಯಾವ ತಂತ್ರದ ಪುಸ್ತಕವೂ ಇಲ್ಲ.

2012ರ ಯೂರೋಗೆ ಡಿಫೆಂಡರ್ ಪುಯೋಲ್ ಇಲ್ಲ, ವಿಲ್ಲಾ ಇಲ್ಲ, ಇಬ್ಬರಿಗೂ ಗಾಯ. ಇಟಲಿ ವಿರುದ್ಧ ಮೊದಲ ಪಂದ್ಯಕ್ಕೆ ಸ್ಟ್ರೈಕರೇ, ಅಂದರೆ ಮುಂದೆ ನಿಂತು ಗೋಲು ಹೊಡೆಯುವವನೇ ಇಲ್ಲದ ತಂಡ ಇಳಿಸಿದರು. ಫ್ಯಾಬ್ರೆಗಸ್ ಮುಂದೆ. ಅಂದರೆ ಆರು ಮಿಡ್‌ಫೀಲ್ಡರ್‌ಗಳು! ಮೈದಾನದ ನಡುವನ್ನು ನಂಬಿದ ಮನುಷ್ಯ ಆ ನಂಬಿಕೆಯನ್ನು ಅದರ ತುದಿಗೆ ಒಯ್ದರು. ಬೇಸರದ ಆಟ ಎಂದು ಯುರೋಪ್ ಗೊಣಗಿತು. ಸೆಮಿಫೈನಲ್ ಪೆನಾಲ್ಟಿಗೆ ಹೋಯಿತು. ಫೈನಲ್‌ನಲ್ಲಿ ಅದೇ ಇಟಲಿ, ಅದೇ ಸ್ಟ್ರೈಕರ್ ಇಲ್ಲದ ತಂಡ. 4-0. ಯೂರೋ ಫೈನಲ್‌ನಲ್ಲಿ ಅಷ್ಟು ದೊಡ್ಡ ಅಂತರದ ಗೆಲುವು ಬೇರೆ ಇಲ್ಲ. ಯೂರೋ, ವಿಶ್ವಕಪ್, ಯೂರೋ ಎಂದು ಸಾಲಾಗಿ ಮೂರು ಗೆದ್ದ ಮೊದಲ ತಂಡವೂ ಸ್ಪೇನ್ ಆಯಿತು.

2014ರ ಬ್ರೆಜಿಲ್ ವಿಶ್ವಕಪ್. ನೆದರ್ಲೆಂಡ್ಸ್ ಎದುರು 1-5. ಚಿಲಿ ಎದುರು 0-2. ಎರಡೇ ಪಂದ್ಯಕ್ಕೆ ಚಾಂಪಿಯನ್ ತಂಡ ಹೊರಗೆ. 2016ರ ಯೂರೋದಲ್ಲಿ ಇಟಲಿ 2-0ರಿಂದ ಮನೆಗೆ ಕಳಿಸಿತು. ಡೆಲ್ ಬೊಸ್ಕೆ ಕೆಳಗಿಳಿದರು. ಎಂಟು ವರ್ಷದಲ್ಲಿ 114 ಪಂದ್ಯ, 87 ಗೆಲುವು. 2024ರಲ್ಲಿ ಸ್ಪೇನ್ ಫುಟ್‌ಬಾಲ್ ಸಂಸ್ಥೆ ಹಗರಣಗಳಲ್ಲಿ ಮುಳುಗಿದಾಗ ಅದರ ಮೇಲ್ವಿಚಾರಣೆಗೆ ಸರ್ಕಾರ ಒಂದು ಸಮಿತಿ ಮಾಡಿತು. ಅದರ ಮುಂದಾಳಾಗಿ ಕರೆದದ್ದು ಇವರನ್ನೇ. ಆಗ ಅವರಿಗೆ 73 ವರ್ಷ.

ನನ್ನ ಮಾತು ಇಷ್ಟು. ಆಮೇಲೆ ಬಂದ ಎರಡು ಪ್ರಶ್ನೆಗಳು ಚೆನ್ನಾಗಿದ್ದವು.

ಹಿರಿಯರೊಬ್ಬರು ಕೇಳಿದರು: 2014ರಲ್ಲಿ ಆದದ್ದು ಅವರದೇ ತಪ್ಪಲ್ವಾ? ವಯಸ್ಸಾದವರನ್ನು ಯಾಕೆ ಉಳಿಸಿಕೊಂಡರು?

ಹೌದು, ಬಹಳಷ್ಟು ಅವರದೇ. ಕ್ಸಾವಿಗೆ ಆಗ 34 ವರ್ಷ. ಕಸಿಯಾಸ್ ಹಿಂದಿನಂತಿರಲಿಲ್ಲ. ಒಂದು ವರ್ಷದ ಮೊದಲು ಕಾನ್ಫೆಡರೇಷನ್ಸ್ ಕಪ್ ಫೈನಲ್‌ನಲ್ಲಿ ಬ್ರೆಜಿಲ್ ಎದುರು 0-3 ಸೋತಾಗಲೇ ಎಚ್ಚರಿಕೆ ಸಿಕ್ಕಿತ್ತು. ಎಲ್ಲವನ್ನೂ ಗೆದ್ದುಕೊಟ್ಟವರಿಗೆ ಇನ್ನೊಂದು ಅವಕಾಶ ಕೊಡುವುದು ನ್ಯಾಯ ಎಂದು ಅವರು ಭಾವಿಸಿದರು. ಅವರನ್ನು ಮ್ಯಾಡ್ರಿಡ್ ಕಳಿಸಿದ ರೀತಿ ನೆನೆದರೆ ಅದು ನನಗೆ ಅರ್ಥವಾಗುತ್ತದೆ. ಆದರೆ ಕೋಚ್ ಆಗಿ ಅದು ತಡವಾದ ತೀರ್ಮಾನ. ಚಿಲಿ ಪಂದ್ಯಕ್ಕೆ ಕ್ಸಾವಿಯನ್ನು ಕೈಬಿಟ್ಟರು. ಅಷ್ಟು ಹೊತ್ತಿಗೆ ಕಾಲ ಮೀರಿತ್ತು.

ಕಾಲೇಜು ತಂಡದಲ್ಲಿ ಆಡುವ ಹುಡುಗಿಯೊಬ್ಬಳು ಕೇಳಿದಳು: ಅವರ ಕೆಲಸ ಅರ್ಥ ಮಾಡಿಕೊಳ್ಳಲು ಒಂದೇ ಪಂದ್ಯ ನೋಡಬೇಕೆಂದರೆ ಯಾವುದನ್ನು ನೋಡಲಿ?

ಫೈನಲ್ ಬೇಡ ಎಂದೆ. 2010ರ ಜುಲೈ 7ರ ಸೆಮಿಫೈನಲ್ ನೋಡಮ್ಮ, ಡರ್ಬನ್‌ನಲ್ಲಿ ಜರ್ಮನಿ ವಿರುದ್ಧ ಆಡಿದ್ದು. ಜರ್ಮನಿ ಅದಕ್ಕೆ ಮೊದಲು ಇಂಗ್ಲೆಂಡ್‌ಗೆ ನಾಲ್ಕು, ಅರ್ಜೆಂಟಿನಾಗೆ ನಾಲ್ಕು ಗೋಲು ಹೊಡೆದು ಬಂದಿತ್ತು. ಎದುರಾಳಿ ಚೆಂಡು ಕಳೆದುಕೊಂಡ ಕೂಡಲೇ ಓಡುವುದೇ ಅವರ ಬಲ. ಅವತ್ತು ಆ ಓಟ ಕಾಣಲೇ ಇಲ್ಲ. ನೀನು ಚೆಂಡಿನ ಹಿಂದೆ ಕಣ್ಣು ಓಡಿಸಬೇಡ. ಒಂದಿಪ್ಪತ್ತು ನಿಮಿಷ 16ನೇ ನಂಬರ್ ಅಂಗಿ ನೋಡು, ಅದು ಬುಸ್ಕೆಟ್ಸ್. ಆಮೇಲೆ ಇಪ್ಪತ್ತು ನಿಮಿಷ 14ನೇ ನಂಬರ್, ಅಲೊನ್ಸೊ. ಒಬ್ಬರು ಮುಂದೆ ಹೋದಾಗ ಇನ್ನೊಬ್ಬರು ಎಲ್ಲಿ ನಿಲ್ಲುತ್ತಾರೆ ಅಂತ ಗುರುತು ಹಾಕಿಕೋ. 73ನೇ ನಿಮಿಷಕ್ಕೆ ಪುಯೋಲ್ ಹೆಡರ್ ಬರುತ್ತದೆ. ಅದಕ್ಕೆ ಮುಂಚೆಯೇ ಜರ್ಮನಿಗೆ ದಾರಿ ಯಾಕೆ ಸಿಗುತ್ತಿಲ್ಲ ಅನ್ನುವುದು ನಿನಗೆ ಗೊತ್ತಾಗಿರುತ್ತದೆ.